ಆಮೆಯ ಹನ್ನೊಂದು ತತ್ತಿ

ತಿಕೋಟಾದ ನದಾಫರ ಓಣಿಯಲ್ಲಿ ಬೀಬಿಜಾನಳ ಕೈಗೆ ಒಂದು ಹೆಸರಿತ್ತು. ಆ ಕೈಯಿಂದ ಕಾವಿಗೆ ಇಟ್ಟ ತತ್ತಿ ಹುಸಿ ಹೋಗುವುದಿಲ್ಲ ಎಂದು ಊರೇ ಹೇಳುತ್ತಿತ್ತು. ಊರೇನು ಸುಮ್ಮಸುಮ್ಮನೆ ಹೇಳುವ ಊರಲ್ಲ. ಮಂದಿಯ ಬಗ್ಗೆ ಒಳ್ಳೆಯ ಮಾತು ಆಡಬೇಕಾದರೆ ನಾಲ್ಕು ಸಲ ಯೋಚಿಸಿ, ಕಡೆಗೆ ಆಡದೆಯೇ ಬಿಡುವ ಊರು. ಅಂಥದ್ದೇ ಒಪ್ಪಿಕೊಂಡಿತ್ತು ಎಂದರೆ ಆ ಕೈ ಎಂಥದಿದ್ದೀತು ನೀವೇ ನೋಡಿ. ಯಾರ ಮನೆಯ ಹೇಂಟೆಯಾದರೂ ಅರ್ಧಕ್ಕೇ ಕಾವು ಬಿಟ್ಟು ಎದ್ದರೆ, ಇಲ್ಲವೇ ನಾಯಿಯ ಬಾಯಿಗೆ ಬಿದ್ದರೆ, ಆ ಮನೆಯ ಹೆಣ್ಣುಮಗಳು ಬುಟ್ಟಿಗೆ ಸೆರಗು ಮುಚ್ಚಿಕೊಂಡು ನೆಟ್ಟಗೆ ಬೀಬಿಜಾನಳ ಬಾಗಿಲಿಗೆ ಬರುತ್ತಿದ್ದಳು.

"ತಾಯಿ ಇಲ್ಲದ ತತ್ತಿ ಅದಾವ ಬೇ. ನೀನ ನೋಡು."

ಬೀಬಿಜಾನ ನೋಡುತ್ತಿದ್ದಳು. ಅವಳ ಗಂಡ ಅಲ್ಲಾಉದ್ದೀನ ಗಾದಿ ತುಂಬುವವನು. ಅವನು ತೀರಿಕೊಂಡು ಹತ್ತು ವರ್ಷವಾಗಿದ್ದರೂ ಮನೆಯಲ್ಲಿ ಹತ್ತಿಗೇನೂ ಕೊರತೆಯಿರಲಿಲ್ಲ. ಬುಟ್ಟಿಗೆ ಹತ್ತಿ ಹಾಸಿ, ಮೇಲೊಂದು ಬಲ್ಬು ಇಳಿಬಿಟ್ಟು, ಗುಡುಗಿಗೆ ತತ್ತಿ ಕೆಡಬಾರದೆಂದು ಮೂಲೆಗೊಂದು ಕಬ್ಬಿಣದ ಮೊಳೆ ಸಿಗಿಸಿಡುತ್ತಿದ್ದಳು. ಪ್ರತಿ ತತ್ತಿಗೂ ಒಂದು ಮಗ್ಗುಲಿಗೆ ಇದ್ದಿಲಿನ ಬೊಟ್ಟು. ಮುಂಜಾನೆ, ಮಧ್ಯಾಹ್ನ, ಸಂಜೆ, ದಿನಕ್ಕೆ ಮೂರು ಹೊತ್ತು ಬಿಸ್ಮಿಲ್ಲಾ ಎಂದು ಒಂದೊಂದನ್ನೇ ಎತ್ತಿ ಮಗ್ಗುಲು ತಿರುವುತ್ತಿದ್ದಳು. ಬೊಟ್ಟು ಮೇಲಿದ್ದರೆ ಕೆಳಗೆ, ಕೆಳಗಿದ್ದರೆ ಮೇಲೆ. ಇಷ್ಟೇ ಅವಳ ಗುಟ್ಟು. ಯಾರು ಕೇಳಿದರೂ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು: "ತಾಯಿ ಇದ್ರ ಕೊಕ್ಕಿಲೆ ತಾನ ತಿರುವ್ತದ. ಒಂದ ಮಗ್ಗಲಕ ಬಿಟ್ರ ಮರಿ ಚಿಪ್ಪಿಗೆ ಅಂಟಕೊಂಡ ಸಾಯ್ತದ." ಕೇಳಿದವರು ತಲೆ ಆಡಿಸಿಕೊಂಡು ಹೋಗಿ ಎರಡು ದಿನ ತಿರುವಿ, ಮೂರನೆಯ ದಿನ ಮರೆತು, ನಾಲ್ಕನೆಯ ದಿನ ಮತ್ತೆ ಬುಟ್ಟಿ ಹೊತ್ತು ಅವಳ ಬಾಗಿಲಿಗೇ ಬರುತ್ತಿದ್ದರು.

ತಾಯಿಯಿಲ್ಲದ ಮರಿಗಳನ್ನು ಇಷ್ಟೊಂದು ಬದುಕಿಸಿದವಳಿಗೆ ತನ್ನದೇ ಮರಿಯನ್ನು ಉಳಿಸಿಕೊಳ್ಳುವುದು ಆಗಲಿಲ್ಲ. ಅವಳಿಗೆ ಮೂವರು ಮಕ್ಕಳು. ದೊಡ್ಡವಳು ತಬಸ್ಸುಮ, ಗಂಡನೊಂದಿಗೆ ವಿಜಯಪುರದಲ್ಲಿ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿದ್ದಳು. ಆಮೇಲೆ ರಿಯಾಜ, ಕಡೆಯವನು ಸಲ್ಮಾನ. ರಿಯಾಜ ಕನಮಡಿಯ ಗೊಲ್ಲಾಳಪ್ಪನ ಜೆಸಿಬಿ ಓಡಿಸುತ್ತಿದ್ದ, ಸಲ್ಮಾನ ಅವನದೇ ಟ್ರ್ಯಾಕ್ಟರು. ಅಣ್ಣ ಮಣ್ಣು ತುಂಬುವುದು, ತಮ್ಮ ಹೊತ್ತೊಯ್ಯುವುದು. ಇಬ್ಬರೂ ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದರು. ಹೋದ ವರ್ಷದ ಬೇಸಿಗೆಯ ಬಾಯಿಯಲ್ಲಿ, ಕನಮಡಿಯಾಚೆಯ ಒಂದು ಹೊಲದಲ್ಲಿ ರಿಯಾಜ ಮಷೀನನ್ನು ಹಿಂದಕ್ಕೆ ಸರಿಸಿದ. ಹಿಂದೆ ಸಲ್ಮಾನ ಇದ್ದ. ವಿಜಯಪುರದ ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಹುಡುಗ ಅಣ್ಣನ ತೊಡೆಯ ಮೇಲೆ ಕಣ್ಣು ಮುಚ್ಚಿದ್ದ.

ಬೀಬಿಜಾನಳಿಗೆ ಗೊತ್ತಿದ್ದದ್ದು ಇಷ್ಟು ಮಾತ್ರ. ಇದಕ್ಕಿಂತ ಒಂದು ಮಾತು ಹೆಚ್ಚಿಗೆ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಣ್ಣು ಮುಗಿದ ಮೂರನೆಯ ದಿನ ಮಗನ ತಲೆ ಸವರಿ, "ಅಲ್ಲಾನ ಮರ್ಜಿ ಯಪ್ಪಾ. ನೀ ಬೇಕಂತ ಮಾಡಿಲ್ಲ ಬಿಡು," ಎಂದಿದ್ದಳು. ಅದು ಬಾಯಿಯ ಮಾತು. ಹೊಟ್ಟೆ ಬೇರೆಯೇ ಹೇಳುತ್ತಿತ್ತು. ಒಮ್ಮೆ ತಿರುಗಿ ನೋಡಬಾರದಿತ್ತೇ? ಅಷ್ಟು ದೊಡ್ಡ ಮಷೀನು ಹಿಂದಕ್ಕೆ ತರುವವನು ಒಂದೇ ಒಂದು ಸಲ ಕುತ್ತಿಗೆ ಹೊರಳಿಸಿದ್ದರೆ ಏನು ಹೋಗುತ್ತಿತ್ತು? ರೊಟ್ಟಿ ಬಡಿಯುವಾಗ, ಅಂಗಳ ಗುಡಿಸುವಾಗ, ನಮಾಜಿಗೆ ಕೂತಾಗಲೂ ಇದೇ ಪ್ರಶ್ನೆ. ಮಗನ ಮುಂದೆ ತಾಟು ಇಟ್ಟು ಎದ್ದು ಹೊರಗೆ ಹೋಗುತ್ತಿದ್ದಳು. ಅವನು ಉಣ್ಣುವುದನ್ನು ನೋಡುತ್ತ ಕೂರಲು ಅವಳಿಗೆ ಆಗುತ್ತಿರಲಿಲ್ಲ.

ಹೆತ್ತವಳ ಹೊಟ್ಟೆಯೊಳಗಿನದು ಮಗನಿಗೆ ತಿಳಿಯದೆ ಇದ್ದೀತೇ? ರಿಯಾಜ ಮಷೀನು ಬಿಟ್ಟ. ಮಾತು ಬಿಟ್ಟ. ಅರ್ಧ ರೊಟ್ಟಿ ಮುರಿದು, ಉಳಿದರ್ಧವನ್ನು ತಾಟಿನಲ್ಲೇ ಬಿಟ್ಟು ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದ. ಮೂವತ್ತರ ಮಗ ಐವತ್ತರವನ ಹಾಗೆ ಕಾಣತೊಡಗಿದ. ಒಂದು ದಿನ ಬಗಲಿನ ಮನೆಯ ಹೊಳೆವ್ವ, ಕುರಿ ಕಟ್ಟಿಕೊಂಡ ಹೆಣ್ಣುಮಗಳು, ಊರ ಸುದ್ದಿಯೆಲ್ಲ ಅವಳ ಸೆರಗಿನ ಗಂಟಿನಲ್ಲೇ ಇರುವುದು, ಒಳಗೆ ಬಂದು ದನಿ ತಗ್ಗಿಸಿ ಹೇಳಿದಳು: "ಬೀಬಿಜಾನಾ, ನಿನ್ನ ಮಗಾ ನಮ್ಮ ಹೊಲದ ಬಾವಿ ದಂಡಿಮ್ಯಾಲ ಎರಡ ತಾಸು ಕುಂತಿದ್ದ. ನಾ ಕುರಿ ಬಿಟ್ಟು ಅಲ್ಲೇ ನಿಂತಿದ್ನಿ. ನೋಡ್ಕೋಬೇ ಸ್ವಲ್ಪ."

ಅಂದಿನಿಂದ ಬೀಬಿಜಾನಳಿಗೆ ಎರಡು ಸಂಕಟ. ಹೋದವನ ಮೇಲಿನ ದುಃಖ ಒಂದು, ಇದ್ದವನು ಹೋದಾನೆಂಬ ಭಯ ಇನ್ನೊಂದು. ಭಯವಿದ್ದರೂ ಆ ಪ್ರಶ್ನೆ ಮಾತ್ರ ಹೊಟ್ಟೆಯಿಂದ ಇಳಿಯಲೊಲ್ಲದು. ತಾಯಿಯಾದವಳು ಹೀಗಿರುತ್ತಾಳೆಯೇ ಎಂದು ತನ್ನನ್ನೇ ತಾನು ಬೈದುಕೊಳ್ಳುತ್ತಿದ್ದಳು.

ಹದಿನಾಲ್ಕು ತಿಂಗಳ ಮೇಲೆ, ಈ ವರ್ಷದ ಏಪ್ರಿಲ್ ಕಡೆಯ ವಾರದಲ್ಲಿ ಗೊಲ್ಲಾಳಪ್ಪನೇ ಮನೆಗೆ ಬಂದ. ಬಬಲೇಶ್ವರದ ಕಡೆ ಒಂದು ಕೆರೆಯ ದಂಡೆ ಕಡಿದು ಮಣ್ಣು ಸಾಗಿಸುವ ಕೆಲಸ ಹಿಡಿದಿದ್ದ. ಅವನ ದನಿ ದೊಡ್ಡದು, ಮನಸ್ಸು ಅಷ್ಟು ಕೆಟ್ಟದಲ್ಲ. "ಏಳಪಾ ತಮ್ಮಾ. ಎಷ್ಟ ದಿನಾ ಕಟ್ಟಿ ಕಾಯ್ತಿ? ಕೈಯಾಗಿನ ವಿದ್ಯಾ ಬಿಡಬಾರ್ದು," ಎಂದ. ರಿಯಾಜ ತಾಯಿಯ ಮೋರೆ ನೋಡಿದ. ತಾಯಿ ಒಲೆಯ ಕಡೆ ನೋಡಿದಳು. ಸೋಮವಾರ ಅವನು ಬುತ್ತಿ ಕಟ್ಟಿಸಿಕೊಂಡು ಹೋದ.

ಗುರುವಾರ ನಟ್ಟ ನಡುಮಧ್ಯಾಹ್ನ ಮನೆಯ ಮುಂದೆ ಬೈಕು ನಿಂತಿತು. ಈ ಹೊತ್ತಿಗೇಕೆ ಬಂದ ಎಂದು ಬೀಬಿಜಾನ ಬಾಗಿಲಿಗೆ ಓಡಿದಳು. ರಿಯಾಜ ಎರಡೂ ಕೈಯಲ್ಲಿ ಬುತ್ತಿಯ ಡಬ್ಬಿ ಹಿಡಿದುಕೊಂಡು, ತುಂಬಿದ ಕೊಡ ಹೊತ್ತವನ ಹಾಗೆ ಹೆಜ್ಜೆ ಇಡುತ್ತ ಒಳಗೆ ಬಂದ.

"ಯವ್ವಾ," ಎಂದ.

ಆ ಬಾಯಿಂದ ಆ ಮಾತು ಬಂದು ಎಷ್ಟು ತಿಂಗಳಾಗಿತ್ತೋ.

ಡಬ್ಬಿಯಲ್ಲಿ ರೊಟ್ಟಿ ಇರಲಿಲ್ಲ. ಕೆರೆಯ ಹಸಿ ಮಣ್ಣು ಇತ್ತು, ಮಣ್ಣಿನೊಳಗೆ ನಿಂಬೆಕಾಯಿಯಷ್ಟು ದುಂಡಗಿನ ಬಿಳಿ ತತ್ತಿಗಳು. ಹನ್ನೊಂದು.

"ಆಮಿ ತತ್ತಿ ಬೇ. ದಂಡಿಯೊಳಗ ಹುಗದಿದ್ದು. ಬಕೆಟ್ ಹಾಕಿದ್ನಿ, ಮಣ್ಣಿನ ಹೆಂಟಿ ಜಾರಿ ಬಿತ್ತು, ಬೆಳ್ಳಗ ಏನೋ ಉಳ್ಳಿದಂಗ ಕಾಣಸ್ತು. ಮಷೀನ ಬಂದ್ ಮಾಡಿ ಇಳದ ನೋಡಿದೆ."

ಈ ಸಲ ಇಳಿದು ನೋಡಿದೆಯಾ ಎಂಬ ಮಾತು ಬೀಬಿಜಾನಳ ಗಂಟಲಿನವರೆಗೆ ಬಂದು ಅಲ್ಲೇ ನಿಂತಿತು. ಅವನಿಗೆ ಅದು ಕೇಳಿಸಿತೋ ಏನೋ, ಕಣ್ಣು ತಗ್ಗಿಸಿದ.

"ಒಂದು ಒಡದಿತ್ತು. ಒಳಗ ಮರಿ ಇತ್ತವ್ವಾ, ಈ ಹೆಬ್ಬಟ್ಟಿನ ಉಗುರಿನಷ್ಟು. ಎದಿ ಹೊಡಕೋತಿತ್ತು. ನನ್ನ ಅಂಗೈಯಾಗ ಹೊಡಕೊಂಡು ಹೊಡಕೊಂಡು ನಿಂತ ಬಿಡ್ತು." ಅವನು ಖಾಲಿ ಅಂಗೈಯನ್ನು ಅವಳಿಗೆ ತೋರಿಸಿದ. "ಅಲ್ಲೇ ಬ್ಯಾರೆ ಕಡೆ ಹುಗದ ಬರೂಣಂದ್ರ ದಂಡಿ ಪೂರಾ ಕಡ್ಯಾಕತ್ಯಾರ. ಇವನ್ನಾರ ಉಳಸಬೇ. ನಿನ್ನ ಕೈಯಾಗ ಆಗ್ತದ."

ಬೀಬಿಜಾನ ಡಬ್ಬಿ ಇಸಿದುಕೊಂಡಳು. ಆಮೆಯ ತತ್ತಿಯನ್ನು ಅವಳು ಹುಟ್ಟಿದಾರಭ್ಯ ನೋಡಿರಲಿಲ್ಲ. ಹಿಂದೆ ಈ ಸೀಮೆಯ ಕೆರೆಗಳಲ್ಲಿ ನೀರೇ ನಿಲ್ಲುತ್ತಿರಲಿಲ್ಲ, ಆಮೆ ಎಲ್ಲಿಂದ ಬರಬೇಕು? ಕಾಲುವೆಯಲ್ಲಿ ಹೊಳೆಯ ನೀರು ಬಂದ ಮೇಲೆ ನೀರಿನ ಜೊತೆಗೆ ಇವೂ ಬಂದಿರಬೇಕು. ಆದರೂ ತತ್ತಿ ಎಂದಮೇಲೆ ತತ್ತಿಯೇ. ತಾಯಿಯಿಲ್ಲದ ತತ್ತಿ ಬಾಗಿಲಿಗೆ ಬಂದಾಗ ಅವಳ ಕೈ ಎಂದೂ ಹಿಂದೆ ಸರಿದದ್ದಿಲ್ಲ.

ಹೇಳದೆ ಕೇಳದೆ ಮಷೀನು ನಿಲ್ಲಿಸಿ ಹೋದದ್ದಕ್ಕೆ ಗೊಲ್ಲಾಳಪ್ಪ ಫೋನಿನಲ್ಲಿ ಅಂದು ಸಂಜೆ ಕಿವಿ ತೂತಾಗುವಂತೆ ಬೈದ. ರಿಯಾಜ ಎಲ್ಲ ಕೇಳಿಸಿಕೊಂಡು, "ಹೂನ್ರಿ, ನಾಳಿ ಬರ್ತೀನ್ರಿ," ಎಂದ. ಮರುದಿನ ಹೋದ.

ಹತ್ತಿ ಬೇಡ, ಇವು ಮಣ್ಣಿನ ಮಕ್ಕಳು ಎಂದುಕೊಂಡು ಬೀಬಿಜಾನ ಒಡೆದ ಕೊಡದ ಕೆಳಗಿನ ಅರ್ಧವನ್ನು ತೊಳೆದು, ಡಬ್ಬಿಯ ಮಣ್ಣನ್ನೇ ಹಾಸಿದಳು. ಸಾಲದ್ದಕ್ಕೆ ರಿಯಾಜ ಕೆರೆಯಿಂದ ಒಂದು ಚೀಲ ತಂದ. ದಿನಾ ಒಂದಿಷ್ಟು ನೀರು ಚಿಮುಕಿಸಿದಳು. ಮೂಲೆಗೆ ಮೊಳೆ ಸಿಗಿಸಿದಳು. ಪ್ರತಿ ತತ್ತಿಗೂ ಇದ್ದಿಲಿನ ಬೊಟ್ಟು ಇಟ್ಟಳು. ಮುಂಜಾನೆ, ಮಧ್ಯಾಹ್ನ, ಸಂಜೆ ಬಿಸ್ಮಿಲ್ಲಾ ಎಂದು ಮಣ್ಣು ಸರಿಸಿ, ಒಂದೊಂದನ್ನೇ ಎತ್ತಿ, ಮಗ್ಗುಲು ತಿರುವಿ ಇಟ್ಟು, ಮತ್ತೆ ಮಣ್ಣು ಮುಚ್ಚಿದಳು.

ಹೊಳೆವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿ ನಕ್ಕಳು. "ಅಲ್ಲಬೇ, ಇವು ಹೊರಗ ಬಂದು ಕೋಳಿಹಂಗ ನಿನ್ನ ಹಿಂದಿಂದ ಅಂಗಳತುಂಬಾ ಅಡ್ಡ್ಯಾಡ್ತಾವೇನ? ನೀ ಊರೆಲ್ಲಾ ಸುತ್ತಿ ಬರೂದ್ರೊಳಗ ಇವು ಹೊಚ್ಚಲಾ ದಾಟಿದ್ರ ದೊಡ್ಡದು!"

ರಿಯಾಜ ಕಟ್ಟೆಯ ಮೇಲೆ ಕೂತವನು ಫಕ್ಕನೆ ನಕ್ಕ. ಒಂದೇ ಗಳಿಗೆ. ಬೀಬಿಜಾನ ಲಗುಬಗೆಯಿಂದ ಒಳಗೆ ಹೋಗಿ, ಉರಿಯದ ಒಲೆಯನ್ನು ಊದುವ ನೆವದಲ್ಲಿ ಕೂತು ಅತ್ತಳು.

ಹೊಳೆವ್ವಳೇ ಇನ್ನೊಂದು ಹೇಳಿದಳು. ಮಿರಗಾ ಎಂದರೆ ಮೃಗಶಿರಾ ಮಳೆ ಕೂಡಿ ಮಣ್ಣು ಮೆತ್ತಗಾದಾಗ ಆಮೆಯ ಮರಿ ತಾವಾಗಿಯೇ ಮೇಲೆ ಬರುತ್ತವೆಯಂತೆ. ಅವಳ ತವರು ಹೊಳೆಯ ದಂಡೆಯ ಊರು, ಅಲ್ಲಿ ನೋಡಿದ್ದಾಳೆ. ರಿಯಾಜ ಕ್ಯಾಲೆಂಡರಿನ ಮುಂದೆ ನಿಂತು ಮಿರಗಾಕ್ಕೆ ಎಷ್ಟು ದಿನವೆಂದು ಎಣಿಸಿದ. ಸತ್ತವನ ಹಾಗಿದ್ದ ಮಗ ಮುಂದಿನ ತಿಂಗಳಿನ ದಿನ ಎಣಿಸುತ್ತಿದ್ದಾನೆ ಎಂಬುದೇ ಬೀಬಿಜಾನಳಿಗೆ ಸಾಕಾಗಿತ್ತು. ಅವನು ಎರಡು ರೊಟ್ಟಿ ಉಣ್ಣತೊಡಗಿದ. ಪುಂಡಿಪಲ್ಲೆ ಇನ್ನೊಂದಿಷ್ಟು ಹಾಕು ಎಂದು ಬಾಯಿಬಿಟ್ಟು ಕೇಳಿದ. ಕೆಲಸದಿಂದ ಬಂದವನು ಕೈಕಾಲು ತೊಳೆದು ಮೊದಲು ಆ ಒಡಕು ಕೊಡದ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಮರಿಗಳನ್ನು ಎಲ್ಲಿ ಬಿಡಬೇಕು ಎಂಬುದನ್ನೂ ಗೊತ್ತುಮಾಡಿಕೊಂಡಿದ್ದ. ಅದೇ ಕೆರೆ, ಆದರೆ ಆಚೆಯ ದಂಡೆ, ಅಲ್ಲಿ ಜಾಲಿಯ ಗಿಡಗಳಿವೆ, ಮಷೀನು ಹೋಗುವುದಿಲ್ಲ.

ಒಂದು ಸಂಜೆ ಅವಳು ತಿರುವುತ್ತಿದ್ದಾಗ, "ನಾನೂ ಒಂದ ತಿರುವ್ಲೇನಬೇ?" ಎಂದು ಕೈ ಚಾಚಿದ.

"ನೀ ಬ್ಯಾಡಪಾ," ಎಂದುಬಿಟ್ಟಳು ಬೀಬಿಜಾನ. "ನನ್ನ ಕೈಯಾಗ ಇರ್ಲಿ."

ಚಾಚಿದ ಕೈ ನಿಧಾನ ಹಿಂದೆ ಹೋಯಿತು. ಅವನು ಬೆರಳು ಮಡಿಸಿ ಮುಷ್ಟಿಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಆಡಿದ ಮಾತು ಎಂಥದೆಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಹಾಗಲ್ಲಪಾ ಎನ್ನಬೇಕೆಂದುಕೊಂಡಳು. ಆದರೆ ಹಾಗೆಯೇ ಆಗಿತ್ತಲ್ಲ, ಏನೆಂದು ಹೇಳುವುದು?

ಬಕ್ರೀದಿನ ಮೂರನೆಯ ದಿನ ತಬಸ್ಸುಮಳ ಮಗಳು ಸೈಮಾ ಬಂದಳು. ಬಿ.ಎಸ್ಸಿ. ಓದುವ ಹುಡುಗಿ, ಪ್ರಾಣಿಶಾಸ್ತ್ರ ಅವಳ ವಿಷಯ. ಓದಿನ ಮಾತು ಬಿಟ್ಟು ಬೇರೆಯದಕ್ಕೆಲ್ಲ ಅವಳಿಗೆ ಪುರುಸೊತ್ತು ಇರುತ್ತದೆ ಎಂದು ಅವಳ ತಾಯಿಯ ದೂರು. ರಿಯಾಜ ಕೆಲಸಕ್ಕೆ ಹೋಗಿದ್ದ. ಹುಡುಗಿ ಚಪ್ಪಲಿ ಬಿಡುವುದರೊಳಗೆ ಬೀಬಿಜಾನ ಅವಳ ಕೈಹಿಡಿದು ಎಳೆದುಕೊಂಡು ಹೋದಳು. "ಬಾ ಇಲ್ಲಿ. ನಿಮ್ಮ ಮಾಮಾ ಏನ ತಂದಾನ ನೋಡು."

ಮಣ್ಣು ಸರಿಸಿದಳು. ಸೈಮಾಳ ಕಣ್ಣು ಅರಳಿತು.

"ಆಯಿ! ಆಮಿ ತತ್ತಿ! ಇದಕ್ಕ ಗುರ್ತು ಹಾಕೂದು ನಿನಗ್ಯಾರ ಹೇಳಿಕೊಟ್ರು? ನಮ್ಮ ಸರ್ ಹೇಳ್ತಿದ್ರು, ಆಮಿ ತತ್ತಿ ಜಾಗಾ ಬದ್ಲಿ ಮಾಡಬೇಕಾದ್ರ ಮ್ಯಾಲಿನ ಮಗ್ಗಲಕ ಹಿಂಗ ಗುರ್ತು ಹಾಕ್ತಾರಂತ. ನೀ ಸಾಲಿಗೇ ಹೋಗಲಾರ್ದ ಅದನ್ನ ಮಾಡೀದಿ ನೋಡು!"

ಬೀಬಿಜಾನ ಉಬ್ಬಿಹೋದಳು. ಮುಪ್ಪಿನಲ್ಲಿ ಮೊಮ್ಮಗಳ ಹೊಗಳಿಕೆಗಿಂತ ಸಿಹಿ ಇನ್ನೇನಿದೆ? "ಇದ್ರಾಗೇನದ," ಎಂದು ಮೂಗು ಏರಿಸಿ, "ಹೊತ್ತ ಆತು, ನೋಡ ಹೆಂಗ ಮಾಡ್ತೀನಿ," ಎಂದು ಬಿಸ್ಮಿಲ್ಲಾ ಎಂದಳು. ಒಂದು ತತ್ತಿಯನ್ನು ಮೂರು ಬೆರಳಲ್ಲಿ ಎತ್ತಿ, ಮೇಲಿದ್ದ ಬೊಟ್ಟನ್ನು ಕೆಳಗೆ ಮಾಡಿ ಇಟ್ಟಳು. ಇನ್ನೊಂದನ್ನು ಎತ್ತಿದಳು.

ಅಜ್ಜಿ ಮೂರನೆಯದಕ್ಕೆ ಕೈಹಾಕಿದಾಗ ಹುಡುಗಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹಿಂಗ ದಿನಾ ತಿರುವ್ತೀಯೇನ ಆಯಿ?"

"ಮೂರ ಹೊತ್ತು. ಒಂದ ದಿನಾನೂ ತಪ್ಪಿಲ್ಲ. ಯಾಕ?"

ಹುಡುಗಿಯ ಮೋರೆ ಸುಣ್ಣದಂತಾಗಿತ್ತು. ಹೇಳಲೋ ಬೇಡವೋ ಎಂದು ತಡವರಿಸಿದಳು. ಆದರೆ ಇನ್ನೂ ಒಂಬತ್ತು ತತ್ತಿ ಬಾಕಿ ಇದ್ದವು, ಹೇಳದೆ ವಿಧಿಯಿರಲಿಲ್ಲ.

"ಕೋಳಿ ತತ್ತಿ ಬ್ಯಾರೆ ಆಯಿ. ಆಮಿ ತತ್ತಿಯೊಳಗ ಮರಿ ಮ್ಯಾಲಿನ ಮಗ್ಗಲಕ ಅಂಟಕೊಂಡ ಬೆಳೀತದ. ಅಂಟಕೊಂಡ್ರನ ಅದು ಬದಕೂದು. ತಿರುವಿದ್ರ... ತಿರುವಿದ್ರ ಹರದ ಬೀಳ್ತದ. ತಾಯಿ ಇಟ್ಟ ಹೋದ ಮ್ಯಾಲ ಅವು ಹೆಂಗ ಅದಾವ ಹಂಗ ಇರಬೇಕು. ಯಾರೂ ಮುಟ್ಟಬಾರ್ದು."

ಬೀಬಿಜಾನಳಿಗೆ ಮೊದಲು ಬಂದದ್ದು ಸಿಟ್ಟು. "ಹೋಗಾಚೆ! ನಿನ್ನ ಪುಸ್ತಕದಾಗ ಬರದದ್ದ ಖರೇನ? ನಲವತ್ತ ವರ್ಷ ತತ್ತಿ ಎಬ್ಬಿಸಿದ ಕೈ ಇದು. ತಾಯಿ ಇಲ್ಲದ ಮರಿ ಸಾವಿರ ಬದಕಿಸೀನಿ. ನನಗ ಹೇಳಾಕ ಬರ್ತಿ?" ಎಂದು ಒದರಿದಳು. ಸೈಮಾ ಎದುರಾಡಿದ್ದರೆ ಅಜ್ಜಿ ಇನ್ನಷ್ಟು ಬೈದು ಹಗುರಾಗುತ್ತಿದ್ದಳು. ಹುಡುಗಿಯ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡಾಗ ಮುದುಕಿಯ ಸಿಟ್ಟು ಇಳಿಯಿತು.

ಅವಳು ಒಂದು ತತ್ತಿಯನ್ನು ಎತ್ತಿಕೊಂಡು ಬಾಗಿಲಿಗೆ ಹೋದಳು. ಬಿಸಿಲಿಗೆ ಎದುರಾಗಿ ಹಿಡಿದು, ಇನ್ನೊಂದು ಕೈಯಿಂದ ಮರೆಮಾಡಿ ಒಳಗೆ ನೋಡಿದಳು. ಕೋಳಿಯ ತತ್ತಿಯನ್ನು ಹೀಗೆ ನೋಡಿ ಒಳಗಿನದು ಜೀವವೋ ಹುಸಿಯೋ ಹೇಳಬಲ್ಲವಳು. ಕಪ್ಪಗೆ ಒಂದು ಮುದ್ದೆ ಕಂಡಿತು. ಅಲುಗಲಿಲ್ಲ. ಮೆಲ್ಲಗೆ ಬೆರಳಿಂದ ತಟ್ಟಿದಳು. ಅಲುಗಲಿಲ್ಲ. ಎರಡನೆಯದು, ಮೂರನೆಯದು. ಹನ್ನೊಂದನ್ನೂ ಹಾಗೇ ಬಿಸಿಲಿಗೆ ಹಿಡಿದಳು. ಒಂದೂ ಅಲುಗಲಿಲ್ಲ.

ಒಂದರಲ್ಲಿ ಆಗಲೇ ಸಣ್ಣಗೆ ನಾತ ಬಂದಿತ್ತು. ಅದನ್ನು ತಾಟಿನ ಅಂಚಿಗೆ ಮೆತ್ತಗೆ ಬಡಿದು ಬಿಡಿಸಿದಳು. ಒಳಗೆ ಮರಿ. ನಾಲ್ಕು ಕಾಲು, ಮಡಿಸಿದ ಕುತ್ತಿಗೆ, ಬೆನ್ನಿನ ಮೇಲೆ ಮೂಡುತ್ತಿದ್ದ ಮೆತ್ತನೆಯ ಚಿಪ್ಪು. ಎರಡು ರೂಪಾಯಿಯ ನಾಣ್ಯದಷ್ಟು ಅಗಲ.

"ಮಾಮಾ ಅದನ್ನ ಬೈಕಿನ ಮ್ಯಾಲ ತಂದಾನ ಆಯಿ," ಎಂದಳು ಸೈಮಾ, ಅಜ್ಜಿಯ ಬೆನ್ನ ಮೇಲೆ ಕೈಯಿಟ್ಟು. "ಬಬಲೇಶ್ವರದಿಂದ ಇಲ್ಲೀತನಾ. ತೆಗ್ಗು ದಿನ್ನಿ ರಸ್ತಾ. ಡಬ್ಬ್ಯಾಗ ಹಾಕೂಮುಂದ ಅವನೂ ತಿರುವ್ಯಾಡಿರ್ತಾನ. ಆವಾಗನ ಸತ್ತಿರಬೇಕು. ನಿನ್ನಿಂದ ಆಗಿಲ್ಲ. ಮಾಮಾ ಕೇಳಿದ್ರ ಹಂಗ ಹೇಳೂಣು."

ಹುಡುಗಿ ಪ್ರೀತಿಯಿಂದಲೇ ಹೇಳಿದ್ದಳು. ಸಣ್ಣವಳು, ಅಜ್ಜಿಯ ಸಂಕಟ ನೋಡಲಾರದೆ ಕೈಗೆ ಸಿಕ್ಕ ಮಾತನ್ನು ಮುಂದೆ ಚಾಚಿದ್ದಳು. ಬೀಬಿಜಾನ ಆ ಮಾತನ್ನು ಹಿಡಿದುಕೊಂಡಿದ್ದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ. ಒಂದು ಗಳಿಗೆ ಹಿಡಿದುಕೊಳ್ಳುವ ಆಸೆಯೂ ಆಯಿತು. ಆದರೆ ಮರಿ ಎದುರಿಗೇ ಇತ್ತು. ಮಗ ತೋರಿಸಿದ್ದು ಹೆಬ್ಬೆರಳಿನ ಉಗುರಿನಷ್ಟು. ಇದು ಅದರ ಎರಡರಷ್ಟಿತ್ತು. ಸತ್ತ ಮರಿ ಎಷ್ಟು ದಿನ ಬದುಕಿತ್ತೆಂದು ಅದರ ಮೈ ನೋಡಿ ಹೇಳುವುದು ಅವಳಿಗೆ ಉಗುರು ಕತ್ತರಿಸಿದಷ್ಟೇ ಸಲೀಸು. ಬೈಕಿನ ಮೇಲೆ ಇದು ಸತ್ತಿಲ್ಲ. ರಿಯಾಜ ಇದನ್ನು ಜೀವಂತ ತಂದು ಅವಳ ಕೈಗೆ ಕೊಟ್ಟಿದ್ದಾನೆ. ಈ ಮನೆಯಲ್ಲಿ ವಾರ, ಎರಡು ವಾರ ಬೆಳೆದಿದೆ. ಅವಳು ತಿರುವಿದ ಹಾಗೆಲ್ಲ ಮತ್ತೆ ಅಂಟಿಕೊಳ್ಳಲು ಒದ್ದಾಡಿದೆ.

"ಇಲ್ಲವಾ," ಎಂದಳು. "ಮತ್ತೊಮ್ಮಿ ಅವನ ತಲೀಮ್ಯಾಲ ಹಾಕಲ್ಯಾ? ಇದು ನನ್ನ ಕೈಲೆ ಆಗೇದ."

ಸೈಮಾ ಮಧ್ಯಾಹ್ನದ ಬಸ್ಸಿಗೆ ಹೋಗಬೇಕಾದವಳು ಹೋಗಲಿಲ್ಲ, ಹೊಳೆವ್ವಳ ಮನೆಯ ಕಟ್ಟೆಗೆ ಹೋಗಿ ಕೂತಳು. ಬೀಬಿಜಾನ ಆ ಒಡಕು ಕೊಡದ ಮುಂದೆಯೇ ಉಳಿದಳು. ಉಣ್ಣಲಿಲ್ಲ. ಒಮ್ಮೆ ಯಾರನ್ನಾದರೂ ಕೇಳಬಾರದಿತ್ತೇ? ಇದೇ ಅವಳ ತಲೆಯಲ್ಲಿ ತಿರುಗುತ್ತಿತ್ತು. ಫೋನು ಮನೆಯಲ್ಲೇ ಇತ್ತು. ಮೊಮ್ಮಗಳು ಅದನ್ನೇ ಓದುವವಳು. ಅರಣ್ಯ ಇಲಾಖೆಯವರು ಇದ್ದಾರೆ. ಒಂದು ಮಾತು, ಒಂದೇ ಒಂದು ಮಾತು ಕೇಳಿದ್ದರೆ ಏನು ಹೋಗುತ್ತಿತ್ತು? ಆದರೆ ಕೇಳಬೇಕೆಂದು ಹೊಳೆಯಲೇ ಇಲ್ಲ. ನಲವತ್ತು ವರ್ಷ ಮಾಡಿದ ಕೆಲಸ. ಕೈ ತನ್ನಷ್ಟಕ್ಕೆ ತಾನೇ ಮಾಡಿತು. ಮಾಡುವಾಗ ಮನಸ್ಸಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ.

ಹೀಗೆ ಎಷ್ಟೋ ಹೊತ್ತು ತನ್ನನ್ನು ತಾನು ಬೈದುಕೊಳ್ಳುತ್ತಿದ್ದವಳು ಒಮ್ಮೆಲೇ ಸುಮ್ಮನಾದಳು. ಈ ಬೈಗುಳ ಅವಳಿಗೆ ಹೊಸದಲ್ಲ. ಹದಿನೈದು ತಿಂಗಳಿಂದ ಮಗನಿಗೆ ಹೊಟ್ಟೆಯೊಳಗೇ ಬೈಯುತ್ತ ಬಂದಿದ್ದಳಲ್ಲ, ಅದೇ ಮಾತು, ಅದೇ ಪ್ರಶ್ನೆ. ಅವನೂ ದಿನಕ್ಕೆ ನೂರು ಸಲ ಮಷೀನನ್ನು ಹಿಂದೆ ಮುಂದೆ ಮಾಡುವವನು. ಅವನ ಕೈಯೂ ತನ್ನಷ್ಟಕ್ಕೆ ತಾನೇ ಮಾಡಿರಬೇಕು. ಅವನಿಗೂ ಈ ಪ್ರಶ್ನೆ ಇದ್ದಿರಬೇಕು, ಅವಳಿಗಿಂತ ಹೆಚ್ಚೇ ಇದ್ದಿರಬೇಕು. ಬಾವಿಯ ದಂಡೆಯ ಮೇಲೆ ಎರಡು ತಾಸು ಅವನು ಇನ್ನೇನು ಕೇಳಿಕೊಂಡಾನು? ಒಬ್ಬನೇ ಕೇಳಿಕೊಂಡ. ತಾಯಿ ತಾಟು ಇಟ್ಟು ಹೊರಗೆ ಹೋದಳು.

ಸಂಜೆ ಬೈಕಿನ ಸಪ್ಪಳ ಕೇಳಿಸಿತು. ರಿಯಾಜ ಬಚ್ಚಲಿನಲ್ಲಿ ಕೈಕಾಲು ತೊಳೆದು, ಟಾವೆಲಿನಿಂದ ಮೋರೆ ಒರೆಸುತ್ತ ಬಂದ. "ಇವತ್ತ ಮುಗಿಲ ಕಪ್ಪಾಗಿತ್ತು ಯವ್ವಾ ಆ ಕಡೆ. ಮಿರಗಾ ಈ ಸಲ ಮೊದ್ಲ ಕೂಡ್ತದೇನೋ," ಎಂದವನು, ತಾಯಿಯ ಮೋರೆ ನೋಡಿ ನಿಂತ. ಆಮೇಲೆ ತಾಟು ನೋಡಿದ.

"ಕುಂಡ್ರು," ಎಂದಳು.

ಅವನು ಕೂತ. ಅವಳು ಸುತ್ತಿಬಳಸದೆ ಎಲ್ಲ ಹೇಳಿದಳು. ತಿರುವಬಾರದಾಗಿತ್ತು. ನನಗ ಗೊತ್ತಿರ್ಲಿಲ್ಲ. ನೀ ಜೀವಂತ ತಂದ ಕೊಟ್ಟಿದ್ದಿ. ನಾ ಕೊಂದೆ. ಹನ್ನೊಂದೂ. ಹೇಳುತ್ತ ಹೋದಂತೆ ಮಗನ ಮುಖದ ಮೇಲಿಂದ ಈ ಒಂದು ತಿಂಗಳು ಇಳಿದುಹೋಗುವುದನ್ನು ನೋಡಿದಳು. ಆದರೂ ಅರ್ಧಕ್ಕೆ ನಿಲ್ಲಿಸಲಿಲ್ಲ.

ರಿಯಾಜ ತಾಟನ್ನು ಹತ್ತಿರಕ್ಕೆ ಎಳೆದುಕೊಂಡು ಮರಿಯನ್ನು ಬಹಳ ಹೊತ್ತು ನೋಡಿದ. ಅದರ ಕಾಲೊಂದನ್ನು ಬೆರಳ ತುದಿಯಿಂದ ಸರಿಮಾಡಿದ. ಆಮೇಲೆ ಟಾವೆಲಿನ ಚುಂಗನ್ನು ತಾಟಿನ ಮೇಲೆ ಮುಚ್ಚಿದ.

"ಇರ್ಲಿ ಬಿಡವ್ವಾ," ಎಂದ. "ನೀ ಬೇಕಂತ ಮಾಡಿಲ್ಲ."

ಅಕ್ಷರಕ್ಕೆ ಅಕ್ಷರ ಅವಳದೇ ಮಾತು. ಆದರೆ ಅವನು ಅದನ್ನು ಹೊಟ್ಟೆಯಿಂದ ಹೇಳಿದ್ದ. ಅವಳ ಕಡೆ ನೋಡುತ್ತಲೇ ಹೇಳಿದ್ದ. ಬೀಬಿಜಾನಳಿಗೆ ತಡೆದುಕೊಳ್ಳಲಾಗಲಿಲ್ಲ. ಹಣೆ ಹಣೆ ಬಡಿದುಕೊಂಡು ಅತ್ತಳು.

"ನಾ ನಿನಗ ಹಂಗ ಹೇಳಿದ್ದು ಖರೇ ಇರ್ಲಿಲ್ಲೋ ಯಪ್ಪಾ. ಬಾಯಾಗ ಅಂದಿದ್ನಿ. ಒಳಗ ಇರ್ಲಿಲ್ಲ."

"ಗೊತ್ತದ," ಎಂದ ರಿಯಾಜ, ಮೆಲ್ಲಗೆ. ಅದರಲ್ಲಿ ದೂರಿರಲಿಲ್ಲ.

ಅವಳು ಅವನ ಬಲಗೈಯನ್ನು ಎಳೆದುಕೊಂಡಳು. ಮಷೀನಿನ ಗೇರು ಹಿಡಿದು ಹಿಡಿದು ಬೊಕ್ಕೆಯೆದ್ದು ಒರಟಾದ ಅಂಗೈ. ಅದನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು. ಸಲ್ಮಾನ ಹೋದ ಮೇಲೆ ಅವಳು ಆ ಕೈ ಮುಟ್ಟಿದ್ದು ಇದೇ ಮೊದಲು.

"ಹೇಳಪಾ," ಎಂದಳು. "ಆವತ್ತ ಏನಾತು? ನಾ ಕೇಳ್ಲೇ ಇಲ್ಲ ನಿನ್ನ. ಈಗ ಕೇಳಾಕತ್ತೀನಿ. ಪೂರಾ ಹೇಳು."

ಹೊರಗೆ ಹೊಳೆವ್ವ ಕುರಿ ಕೂಡಿಹಾಕುವ ಸಪ್ಪಳ ಕೇಳಿಸುತ್ತಿತ್ತು.

"ಬಿಸಲ ಭಾಳ ಇತ್ತವ್ವಾ," ಎಂದ. "ಅಂವ ಟ್ರ್ಯಾಕ್ಟರ್ ಮ್ಯಾಲನ ಕುಂತಿದ್ದ. ಇಳ್ಯೂದ ಬೇಕಿರ್ಲಿಲ್ಲ ಅವಗ. ನಾನ ಒದರಿ ಹೇಳ್ದೆ, ಬಾಯಿ ಒಣಗೇದ, ಒಂದೀಟ ನೀರ ತಾರೋ ಸಲ್ಮಾ ಅಂತ. ಬರೂದು ತಡಾ ಆಗ್ತದ ಅನ್ಕೊಂಡು ಮಷೀನ ಹಿಂದಕ್ಕ ತಗೊಂಡೆ. ಅಂವ ನನಗ ನೀರ ತರಾಕತ್ತಿದ್ದ ಯವ್ವಾ. ತಂಬಗಿ ಅವನ ಕೈಯಾಗ ಇತ್ತು."

ಬೀಬಿಜಾನ ಆ ಕೈ ಬಿಡಲಿಲ್ಲ. "ಮುಂದ ಹೇಳು," ಎಂದಳು.